ನೆಟ್ಟಿನಲ್ಲಿ ಇಲ್ಲದ ಅಳಿಯ

ಹುಡುಗ ಎಲ್ಲ ರೀತಿಯಿಂದಲೂ ಚೆನ್ನಾಗಿದ್ದ. ನನ್ನ ತಕರಾರು ಅದೇ.

ಎತ್ತರ ಇದ್ದ, ಓದಿದ್ದ, ಹಟ್ಟಿಯ ಗಣಿಯಲ್ಲಿ ವಿದ್ಯುತ್ ವಿಭಾಗದ ಕೆಲಸ, ಇರಲು ಕಂಪನಿಯ ಕ್ವಾರ್ಟರ್ಸು. ಹೆಣ್ಣು ನೋಡಲು ಸಿಂಧನೂರಿನ ನಮ್ಮ ಮನೆಗೆ ಬಂದವನು ತಿಂದಾದ ಮೇಲೆ ತನ್ನ ತಟ್ಟೆಯನ್ನು ತಾನೇ ಎತ್ತಿಕೊಂಡು ಹೋಗಿ ಬಚ್ಚಲಲ್ಲಿ ಇಟ್ಟ. (ನನ್ನ ಹೆಂಡತಿ ರಾಜಶ್ರೀ ಮೊದಲು ಆ ತಟ್ಟೆಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಆ ನೋಟದ ಭಾವಾರ್ಥ ಇಲ್ಲಿ ಬೇಡ.) ನಮ್ಮ ಮಗಳು ಅಮರೇಶ್ವರಿ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಬಂದ ಹುಡುಗರನ್ನೆಲ್ಲ ಭಾಗಿಸಿ ಶೇಷ ಸೊನ್ನೆ ಎಂದು ಕಳಿಸುತ್ತಿದ್ದವಳು, ಈ ವಿರೇಶನಿಗೆ ಮಾತ್ರ "ಆಗಬೋದು" ಅಂದುಬಿಟ್ಟಳು.

ನಾನು ಬೀಜ ಗೊಬ್ಬರದ ವ್ಯಾಪಾರಿ. ಚೀಲದ ಮೇಲೆ ತೆನೆಯ ಚಿತ್ರ ಎಷ್ಟು ಚಂದ ಇರುತ್ತದೋ ಒಳಗಿನ ಬೀಜದ ಮೇಲೆ ಅಷ್ಟು ಅನುಮಾನ ಪಡಬೇಕು ಎಂಬುದು ನನ್ನ ಅನುಭವ. ಇಂಥ ಹುಡುಗ ಇಷ್ಟು ದಿನ ಯಾರ ಕೈಗೂ ಸಿಗದೆ ಹೇಗೆ ಉಳಿದ? ನಮ್ಮ ಅಪ್ಪನ ಕಾಲದಲ್ಲಾದರೆ ಒಬ್ಬ ಹಿರಿಯರು ಹುಡುಗನ ಊರಾದ ಲಿಂಗಸುಗೂರಿನ ಬಸ್ಸು ಹತ್ತುತ್ತಿದ್ದರು, ಹುಡುಗನ ಓಣಿಯ ಚಹಾದಂಗಡಿಯಲ್ಲಿ ಕೂತು ನಾಲ್ಕು ಮಂದಿಯನ್ನು ಮಾತಿಗೆಳೆದು ಬರುತ್ತಿದ್ದರು. ಈಗ ಆ ದಗದ ಯಾಕೆ? ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತಲ್ಲೇ ನಾನು ಅಂತರ್ಜಾಲವನ್ನು ಜಾಲಾಡಿದೆ. ಕುರಿಮರಿ ಎತ್ತಿಕೊಂಡ ವಿರೇಶ ಸಿಕ್ಕ. ಬುಲೆಟ್ ಮೇಲೆ ನಿಂತ ವಿರೇಶ ಸಿಕ್ಕ. ಯಾವುದೋ ನಾಯಕರ ಹುಟ್ಟುಹಬ್ಬಕ್ಕೆ ಶುಭ ಕೋರುವ, ನಾಯಕರಿಗಿಂತ ದೊಡ್ಡ ಫೋಟೊದ ವಿರೇಶ ಸಿಕ್ಕ. ನಮ್ಮ ವಿರೇಶ ಮಾತ್ರ ಎಲ್ಲೂ ಇಲ್ಲ! ಅಂಗಡಿಯನ್ನು ಅರ್ಧಕ್ಕೇ ಬಿಟ್ಟು ಮನೆಗೆ ಓಡಿದೆ.

"ಲೇ, ಹುಡುಗ ನೆಟ್ಟಿನ್ಯಾಗ ಇಲ್ಲಲೇ!"

"ಹಟ್ಟ್ಯಾಗ ಅದಾನಲ್ಲರಿ, ಸಾಕಾಗಂಗಿಲ್ಲೇನು?" ರಾಜಶ್ರೀ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೇ ಇಲ್ಲ.

"ಒಂದು ಫೋಟೊ ಇಲ್ಲ, ರೀಲ್ಸ್ ಇಲ್ಲ, ಕೇಕ್ ಕೊಯ್ದದ್ದಿಲ್ಲ. ಈಗಿನ ಕಾಲದಾಗ ಹಂಗ ಇರಾಕ ಸಾಧ್ಯನ? ಏನೋ ಮುಚ್ಚಿಡಾಕತ್ತಾನ ಅವ."

"ನಮ್ಮಪ್ಪ ನಿಮ್ಮನ್ನ ನೋಡಾಕ ಬಂದಾಗ ನೀವು ಎದರಾಗ ಇದ್ರಿ?"

"ಆವಾಗ ನೆಟ್ಟು ಎಲ್ಲಿತ್ತು?"

"ಅದಕ್ಕ ನೋಡ್ರಿ, ಮೋಸ ಹೋದ."

ಇಂಥವರ ಜೊತೆ ಗಂಭೀರ ಚರ್ಚೆ ಸಾಧ್ಯವೇ? ಆದರೆ ಒಂದು ಮಾತು ನಿಮಗೆ ಹೇಳುತ್ತೇನೆ. ನಾನು ನೆಟ್ಟನ್ನು ಬರೀ ನಗಲಿಕ್ಕೆ ಬಳಸುವವನಲ್ಲ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ದೊಡ್ಡ ದೊಡ್ಡ ಡಾಕ್ಟರರ, ಗುರೂಜಿಗಳ ವಿಡಿಯೊ ನೋಡುತ್ತೇನೆ. ವಿಡಿಯೊದ ಕೆಳಗೆ ಒಂದು ಖಾಲಿ ಜಾಗ ಇರುತ್ತದೆ. ಅಲ್ಲಿ ನಮ್ಮ ಕಷ್ಟವನ್ನು ಬರೆದು ಬಾಣದ ಗುರುತನ್ನು ಒತ್ತಿದರೆ, ಆ ಪತ್ರ ನೆಟ್ಟಗೆ ಡಾಕ್ಟರರ ಕೈಗೆ ಹೋಗುತ್ತದೆ. ಖರ್ಚಿಲ್ಲ, ಸರದಿ ಇಲ್ಲ, ಮುಖ್ಯವಾಗಿ ಮೂರನೆಯವರಿಗೆ ಗೊತ್ತಾಗುವುದಿಲ್ಲ. ನಾನು ಎಲ್ಲವನ್ನೂ ಸ್ಫುಟವಾಗಿ ಬರೆದು, ಕೆಳಗೆ 'ಇಂತಿ ತಮ್ಮ ವಿಶ್ವಾಸಿ' ಎಂದು ಹೆಸರು, ಅಂಗಡಿ, ಊರು, ಮೊಬೈಲ್ ನಂಬರು ಹಾಕುತ್ತೇನೆ. ಉತ್ತರ ಕಳಿಸಲು ಅವರಿಗೆ ವಿಳಾಸ ಬೇಡವೇ? (ಉತ್ತರ ಇನ್ನೂ ಬಂದಿರಲಿಲ್ಲ. ದೊಡ್ಡವರಿಗೆ ಪುರುಸೊತ್ತು ಎಲ್ಲಿ?)

ಭಾನುವಾರ ನಾವು ಹುಡುಗನ ಮನೆ ನೋಡಲು ಲಿಂಗಸುಗೂರಿಗೆ ಹೊರಟೆವು. ಮಸ್ಕಿಯಲ್ಲಿ ರಾಜಶ್ರೀಯ ತಮ್ಮ ದೊಡ್ಡಬಸಪ್ಪ ಕಾರು ಹತ್ತಿದ. ಆತ ಬಟ್ಟೆ ವ್ಯಾಪಾರಿ. ನಕ್ಕರೆ ಹೊಟ್ಟೆ ಮೊದಲು ನಗುತ್ತದೆ, ಬಾಯಿ ಆಮೇಲೆ. ನಾನು ಅವನಿಗೂ ನನ್ನ ಅನುಮಾನ ಹೇಳಿದೆ. "ಮಾವಾ, ಎಲ್ಲಾರ ಎದುರಿಗೇ ಕೇಳಿಬಿಡು. ಹೆಣ್ಣು ಕೊಡಾವ ನೀನು, ಅಂಜಿಕಿ ಯಾಕ?" ಎಂದ. ನನಗೆ ಹುರುಪು ಬಂತು.

ವಿರೇಶನ ತಂದೆ ಬಸವಂತರಾಯರು ಬಾಗಿಲಿಗೇ ಬಂದು ಕರೆದುಕೊಂಡರು. ಅವರ ತಾಯಿ ಜಂಬಮ್ಮ ಹಿಂದೆ ನಮ್ಮ ಮನೆಗೆ ಬಂದಿರಲಿಲ್ಲ. 'ನಮ್ಮನ್ಯಾಗ ಅವ್ವಂದ ಕಡೀ ಮಾತು' ಎಂದು ರಾಯರು ಆಗಲೇ ಹೇಳಿದ್ದರು. ಆ ಅಜ್ಜಿ ಪಡಸಾಲೆಯ ಮಂಚದ ಮೇಲೆ, ಮೂಗಿನ ತುದಿಗೆ ಚಾಳೀಸು, ತೊಡೆಯ ಮೇಲೆ ಫೋನು ಇಟ್ಟುಕೊಂಡು ನ್ಯಾಯಾಧೀಶರ ಹಾಗೆ ಕೂತಿದ್ದರು. ನನ್ನನ್ನು ಕಂಡದ್ದೇ, "ಆ ಕುರ್ಚಿ ಬ್ಯಾಡ, ಗಟ್ಟಿ ಐತಿ. ಸಾವ್ಕಾರ್ರಿಗೆ ಅರಳಿ ದಿಂಬು ಹಾಕ್ರಿ" ಎಂದು ಒಳಗೆ ಕೂಗಿದರು. ಹತ್ತಿ ತುಂಬಿದ ಮೆತ್ತನೆಯ ದಿಂಬು ಬಂತು. ದೊಡ್ಡಬಸಪ್ಪನಿಗೆ ಬರೀ ಕಟ್ಟಿಗೆಯ ಕುರ್ಚಿ. ಹೆಣ್ಣಿನ ತಂದೆಗೆ ಇಷ್ಟು ಮರ್ಯಾದೆ ಕೊಡುವ ಮನೆಯನ್ನು ನಾನು ನೋಡಿರಲಿಲ್ಲ.

ಆಮೇಲೆ ಎಲ್ಲರಿಗೂ ಮಂಡಕ್ಕಿಯ ಒಗ್ಗರಣಿ, ಬಿಸಿ ಬಿಸಿ ಮಿರ್ಚಿ ಬಂದವು. ನನ್ನ ಮುಂದೆ ಮಾತ್ರ ಬೇರೆ ತಟ್ಟೆ. ಅದರಲ್ಲಿ ನೆನೆಸಿದ ಅಂಜೂರ, ಬಾಳೆಹಣ್ಣು, ಒಂದು ತಂಬಿಗೆ ತಿಳಿ ಮಜ್ಜಿಗೆ. ಮಿರ್ಚಿಯ ವಾಸನೆಗೆ ನನ್ನ ಪ್ರಾಣ ಹೋಗುತ್ತಿತ್ತು. ಆದರೂ ವಿಶೇಷ ಅತಿಥಿಗೆ ವಿಶೇಷ ಫಲಾಹಾರ ಎಂದು ಗಾಂಭೀರ್ಯದಿಂದ ಅಂಜೂರ ಅಗಿದೆ. ರಾಜಶ್ರೀ ನನ್ನ ತಟ್ಟೆಯನ್ನೂ ದಿಂಬನ್ನೂ ಮಿಕಿಮಿಕಿ ನೋಡುತ್ತಿದ್ದಳು.

ಮಜ್ಜಿಗೆ ಕುಡಿದು ಗಂಟಲು ಸರಿಮಾಡಿಕೊಂಡೆ. "ಹಿರಿಯರು ತಪ್ಪು ತಿಳೀಬಾರದು. ಇವತ್ತಿನ ಕಾಲದಾಗ ಮನುಷ್ಯಾನ ಗುಣ ನೆಟ್ಟಿನ್ಯಾಗ ಕಾಣಬೇಕ್ರಿ. ನಿಮ್ಮ ಹುಡುಗ ಅಲ್ಲಿ ಎಲ್ಲೂ ಇಲ್ಲ. ಹೆಣ್ಣು ಕೊಡಾವ್ರಿಗೆ ಗಾಬರಿ ಆಗೋದು ಸಹಜ ಅಲ್ಲೇನ್ರಿ?"

ವಿರೇಶ ನಾಚಿಕೊಂಡು ಹೇಳಿದ: "ಹಂಗೇನಿಲ್ರಿ ಮಾವಾರ. ನೆಲದ ಕೆಳಗ ಇದ್ದಾಗ ನೆಟ್‌ವರ್ಕ್ ಬರಂಗಿಲ್ರಿ. ಮ್ಯಾಲ ಬಂದಮ್ಯಾಲ ನಿದ್ದಿ ಬರತೈತ್ರಿ."

ದೊಡ್ಡಬಸಪ್ಪನ ಹೊಟ್ಟೆ ನಕ್ಕಿತು. ನಾನು ಮುಂದಿನ ಪ್ರಶ್ನೆ ಹುಡುಕುವಷ್ಟರಲ್ಲಿ ಜಂಬಮ್ಮ ಅಜ್ಜಿ, "ಸಾವ್ಕಾರ್ರು ಬರೋಬ್ಬರಿ ಹೇಳಿದ್ರು" ಎಂದು ನನ್ನ ಕಡೆ ತಿರುಗಿದರು. "ಅದಿರಲಿ, ಮೂಲ ಹೆಂಗೈತ್ರಿ ಈಗ?"

ಓಹೋ, ಜಾತಕದ ಮಾತು ಬಂತು. ಮೂಲಾ ನಕ್ಷತ್ರದ ಹುಡುಗಿ ಮಾವನಿಗೆ ಆಗಿಬರುವುದಿಲ್ಲ ಎಂದು ಹಳಬರು ಅಂಜುತ್ತಾರಲ್ಲ! ನಾನು ಎದೆ ತಟ್ಟಿ ಹೇಳಿದೆ: "ಮೂಲ ನಮ್ಮ ಮನೆತನದಾಗೇ ಇಲ್ರಿ ಅಮ್ಮಾರ. ನಮ್ಮ ಹುಡುಗೀದು ರೋಹಿಣಿ."

"ಹುಡುಗೀದಲ್ರಿ, ನಿಮ್ದು."

"ನಂದು ಉತ್ತರಾ ರೀ."

"ಅಯ್ಯ, ನಕ್ಷತ್ರ ಅಲ್ರಿ! ಕುಂದ್ರಾಕ ತ್ರಾಸ ಆಗತೈತಿ, ಮಿರ್ಚಿ ತಿಂದ ಮರುದಿನ ಕಣ್ಣಾಗ ನೀರು ಬರತಾವ ಅಂತ ಡಾಕ್ಟರಿಗೆ ಬರದೀರಲ್ಲ, ಆ ಮೂಲ."

ಕೈಗೆತ್ತಿಕೊಂಡಿದ್ದ ಇನ್ನೊಂದು ಅಂಜೂರವನ್ನು ತಿರುಗಿ ತಟ್ಟೆಯಲ್ಲಿಟ್ಟೆ. ಡಾಕ್ಟರಿಗೆ ಬರೆದದ್ದು ಈ ಅಜ್ಜಿಗೆ ಹೇಗೆ ಗೊತ್ತು? ಡಾಕ್ಟರೇನಾದರೂ ಇವರ ಸಂಬಂಧಿಕರೇ?

"ನಿಮಗ... ನಿಮಗ ಯಾರು ಹೇಳಿದ್ರು?"

"ನೀವ ಹೇಳೀರಲ್ರಿ, ಊರಿಗೆಲ್ಲ. ನನಗ ಕಾಲುನೋವು, ಹೊರಗ ಹೋಗಂಗಿಲ್ಲ. ದಿನಾ ಇದನ್ನ ನೋಡತೀನಿ. ವಿಡಿಯೊದಾಗ ಏನೈತಿ ಮಣ್ಣು, ಕೆಳಗ ಮಂದಿ ಬರೆಯೋ ಕಮಟು ಓದೋದ ಮಜಾ." (ಅಜ್ಜಿ ಹೇಳಲು ಹೊರಟಿದ್ದು 'ಕಾಮೆಂಟು'. ಆದರೆ ಮುಂದೆ ಹಬ್ಬಿದ ವಾಸನೆಗೆ ಕಮಟು ಎಂಬುದೇ ಸರಿಯಾದ ಪದ.) "ಸಿಂಧನೂರು, ಬೀಜ ಗೊಬ್ಬರದ ಅಂಗಡಿ, ಸಂಗನಬಸವ ಅಂತ ಕಂಡ್ತು. ನಂಬರ್ ನೋಡಿದ್ರ ನಮ್ಮ ಬಸವಂತನ ಫೋನಿನ್ಯಾಗ ಇದ್ದ ನಂಬರ. ಹೆಸರಿನ ಮ್ಯಾಲ ಒತ್ತಿದೆ. ಒಂದರ ಹಿಂದ ಒಂದು ಬರಾಕತ್ತಿದ್ವು ನೋಡ್ರಿ, ಜ್ವಾಳದ ಚೀಲ ಹರಿದಂಗ."

ರಾಜಶ್ರೀ ಎದ್ದು ಅಜ್ಜಿಯ ಮಂಚದ ಮೇಲೆ ಕೂತಳು. ಅಜ್ಜಿ ಅವಳ ಗದ್ದ ಹಿಡಿದು ಮುಖ ನೋಡಿ, "ಬಾಳ ಸಿಟ್ಟಿನಾಕಿ ಅಂತ ಓದಿದ್ನೆವ್ವಾ. ನೋಡಿದ್ರ ಹಂಗ ಕಾಣಂಗಿಲ್ಲಲ್ಲ" ಎಂದರು.

"ಎಲ್ಲಿ ಓದಿದ್ರಿ ಅಜ್ಜಿ? ಚೂರು ನಾನೂ ನೋಡ್ತೀನಿ." ನನ್ನ ಹೆಂಡತಿಯ ಧ್ವನಿ ಬೆಣ್ಣೆಯ ಹಾಗಿತ್ತು. ಆ ಬೆಣ್ಣೆಯನ್ನು ಬಲ್ಲವನು ನಾನೊಬ್ಬನೇ.

ಅವಳು ಓದಿದಳು. ಮನಸ್ಸಿನಲ್ಲಲ್ಲ, ಗಟ್ಟಿಯಾಗಿ, ಶಾಲೆಯ ಹುಡುಗಿಯ ಹಾಗೆ ಸ್ಪಷ್ಟವಾಗಿ. "ಪೂಜ್ಯ ಗುರೂಜಿಯವರ ಪಾದಕಮಲಗಳಿಗೆ. ನನ್ನ ಧರ್ಮಪತ್ನಿಯ ಕೋಪವು ಅಮಾವಾಸ್ಯೆ ಹುಣ್ಣಿಮೆ ಎನ್ನದೆ ಸದಾಕಾಲ ಇರುತ್ತದೆ. ಆಕೆಯ ತವರಿನವರೆಲ್ಲರೂ ಇದೇ ನಮೂನೆ. ಆಕೆಯ ತಮ್ಮನಂತೂ ನಕ್ಕರೆ ಎಮ್ಮೆ ಕೆನೆದಂತಾಗುತ್ತದೆ. ಶಾಂತಿಗಾಗಿ ಯಾವ ಮಂತ್ರ ಪಠಿಸಬೇಕು, ದಯವಿಟ್ಟು ತಿಳಿಸಿರಿ."

ದೊಡ್ಡಬಸಪ್ಪನ ಹೊಟ್ಟೆಯ ನಗು ನಿಂತಿತು. "ಎಮ್ಮಿ ಕೆನಿಯಂಗಿಲ್ಲ ಮಾವಾ" ಎಂದ ಮೆಲ್ಲಗೆ. "ಕೆನಿಯೋದು ಕುದುರಿ."

"ಇನ್ನೊಂದೈತಿ, ಅದನ್ನ ನಾನ ಓದ್ತೀನಿ" ಎಂದು ಅಜ್ಜಿ ಫೋನನ್ನು ತೆಗೆದುಕೊಂಡರು. ಅದು ಯಾವುದೆಂದು ನನಗೆ ಹೊಳೆದುಬಿಟ್ಟಿತು. ನೆಲ ಬಾಯಿ ತೆರೆದಿದ್ದರೆ ಹಟ್ಟಿಯ ಗಣಿಗಿಂತ ಆಳಕ್ಕೆ ಇಳಿಯಲು ನಾನು ತಯಾರಿದ್ದೆ. ಅಜ್ಜಿ ಒಂದೊಂದೇ ಅಕ್ಷರ ಕೂಡಿಸಿ ಓದಿದರು: "ಮಗಳಿಗೆ ವರ ಬಂದಿದೆ. ಹುಡುಗ ಉತ್ತಮ. ಆದರೆ ಮನೆಯಲ್ಲಿ ವೃದ್ಧ ಅಜ್ಜಿ ಇದ್ದು, ಸದರಿಯವರ ಆಯುಷ್ಯ ಇನ್ನೆಷ್ಟು, ನನ್ನ ಮಗಳಿಗೆ ಸೇವೆಯ ಯೋಗ ಎಷ್ಟು ವರ್ಷ, ಕೃಪೆ ಮಾಡಿ ತಿಳಿಸಬೇಕಾಗಿ ವಿನಂತಿ."

ಬಸವಂತರಾಯರು ಹೆಗಲ ಮೇಲಿನ ಟವೆಲ್ಲನ್ನು ತೆಗೆದು ತೊಡೆಯ ಮೇಲೆ ಹಾಕಿಕೊಂಡರು. ವಿರೇಶ ನೆಲ ನೋಡಿದ. ಬೆಳಿಗ್ಗೆ ನಾವು ಹೊರಡುವಾಗ ಅಮರೇಶ್ವರಿ ಏನೂ ಕೇಳದೆ, ಕಾರಿನ ಬಾಗಿಲು ಹಾಕಿ, ಕಿಟಕಿಯ ಗಾಜಿನ ಮೇಲೆ ಒಂದು ಗಳಿಗೆ ಕೈ ಇಟ್ಟು ನಿಂತಿದ್ದಳು. ಆ ಕೈ ನೆನಪಾಯಿತು. ತನ್ನ ಮಗಳ ಸಂಬಂಧವನ್ನು ತನ್ನ ಬೆರಳಿನಿಂದಲೇ ಮುರಿದ ಅಪ್ಪ ನಾನು. ಕೈ ಮುಗಿದು ಎದ್ದು ನಿಂತೆ.

"ಕುಂದ್ರ್ರಿ. ದಿಂಬಿನ ಮ್ಯಾಲ ಕುಂದ್ರ್ರಿ" ಎಂದರು ಅಜ್ಜಿ. "ಗುರೂಜಿ ಜವಾಬು ಕೊಡಲಿಲ್ಲ. ನಾನ ಅದರ ಕೆಳಗ ಬರದೀನಿ. 'ಅಜ್ಜಿ ಗಟ್ಟಿ ಅದಾಳ, ಮರಿಮಗನ್ನ ಎತ್ತಿ ಆಡಿಸೇ ಹೋಗತಾಳ' ಅಂತ. ನೀವು ನೋಡಿಲ್ಲೇನು?"

ನಾನು ನೋಡಿರಲಿಲ್ಲ. ಬರೆದು ಕಳಿಸಿದ ಪತ್ರವನ್ನು ಯಾರಾದರೂ ಮತ್ತೆ ತೆರೆದು ನೋಡುತ್ತಾರೆಯೇ?

"ಓದಿದ ದಿನ ಸಿಟ್ಟು ಬಂದಿತ್ತು, ಖರೇ ಹೇಳ್ತೀನಿ" ಅಜ್ಜಿ ಮುಂದುವರಿಸಿದರು. "ಆಮ್ಯಾಲ ವಿಚಾರ ಮಾಡಿದೆ. ಹೆಣ್ಣು ಕೊಡೋ ಅಪ್ಪ ಎಲ್ಲಾರೂ ಇದನ್ನ ಮನಸ್ಸಿನ್ಯಾಗ ಕೇಳ್ಕೋತಾರ. ಎದುರಿಗೆ ನಗತಾರ, ಒಳಗ ಲೆಕ್ಕ ಹಾಕ್ತಾರ. ಇಂವ ಒಬ್ಬ ಖುಲ್ಲಾ ಬರದು, ಹೆಸರು ಹಾಕಿ, ನಂಬರು ಕೊಟ್ಟಾನ. ಇಂಥಾ ಮನ್ಯಾಗ ಮೋಸ ಇರಂಗಿಲ್ಲ ಬಸವಂತ. ಬುದ್ಧಿ ಇರಂಗಿಲ್ಲ, ಅಷ್ಟ. ಹುಡುಗಿ ಲೆಕ್ಕದ ಮೇಡಂ ಅದಾಳಂತಲ್ಲ, ಬುದ್ಧಿ ಆಕೀದು ಸಾಕು. ಸಕ್ಕರಿ ತರ್ರಿ."

ಸಕ್ಕರೆ ಬಂತು. ಸಂಬಂಧ ಗಟ್ಟಿಯಾಯಿತು. ಬಸವಂತರಾಯರು ನನ್ನನ್ನು ತಬ್ಬಿಕೊಂಡರು. ರಾಜಶ್ರೀ ಅಜ್ಜಿಯ ಕಾಲಿಗೆ ಬಿದ್ದು, "ಉಳಿದವನ್ನ ನನ್ನ ಫೋನಿಗೆ ಕಳಸ್ರಿ" ಎಂದು ಕೇಳಿಕೊಂಡಳು. ವಾಪಸು ಬರುವಾಗ ಮಸ್ಕಿಯವರೆಗೂ ದೊಡ್ಡಬಸಪ್ಪ ನಗಲೇ ಇಲ್ಲ. ನಗು ಬಂದಾಗೆಲ್ಲ ಬಾಯಿಗೆ ಕರವಸ್ತ್ರ ಒತ್ತಿಕೊಂಡು ನನ್ನನ್ನು ನೋಡುತ್ತಿದ್ದ. ಸಿಂಧನೂರು ಬರುವವರೆಗೂ ರಾಜಶ್ರೀ ಮಾತನಾಡಲಿಲ್ಲ. ಅವಳ ಸಿಟ್ಟಿಗೆ ಮಂತ್ರ ಹುಡುಕಿದವನಿಗೆ, ಆ ಮೌನಕ್ಕೂ ಒಂದು ಮಂತ್ರ ಬೇಕಿತ್ತು ಎಂದು ಗೊತ್ತೇ ಇರಲಿಲ್ಲ.

ಮಗಳು ಸಿಹಿಸುದ್ದಿ ಕೇಳಿ ಅತ್ತಳು, ಉಳಿದ ಸುದ್ದಿ ಕೇಳಿ ಹಣೆ ಬಡಿದುಕೊಂಡಳು. "ಅಪ್ಪಾ, ಅದು ಪತ್ರ ಅಲ್ಲಪ್ಪಾ. ಬಸ್‌ಸ್ಟ್ಯಾಂಡಿನ್ಯಾಗ ಬ್ಯಾನರ್ ಕಟ್ಟಿದಂಗ. ನೀ ಈಗ ಏನೂ ಮುಟ್ಟಬ್ಯಾಡ. ನಾಳೆ ಸಾಲಿಯಿಂದ ಬಂದು ನಾನ ಕುಂತು ಎಲ್ಲಾ ತಗೀತೀನಿ."

ಮರುದಿನ ಅಂಗಡಿಯಲ್ಲಿ ನನಗೆ ಕೂಡಲಾಗಲಿಲ್ಲ. (ಎರಡೂ ಅರ್ಥದಲ್ಲಿ.) ಯೂರಿಯಾ ಕೇಳಲು ಬಂದ ದಢೇಸುಗೂರಿನ ರೈತ ಸುಮ್ಮನೆ ಮುಗುಳ್ನಕ್ಕರೂ, ಇವನೂ ಓದಿದ್ದಾನೆ ಎನ್ನಿಸುತ್ತಿತ್ತು. ಸಂಜೆಯವರೆಗೆ ಕಾಯುವುದು ಹೇಗೆ? ಅಷ್ಟರಲ್ಲಿ ಇನ್ನೆಷ್ಟು ಮಂದಿ ಓದಿಯಾರು? ಕೊನೆಗೆ ಧೈರ್ಯ ಮಾಡಿ ಡಾಕ್ಟರರ ವಿಡಿಯೊ ತೆರೆದೆ. ಇದು ಡಾಕ್ಟರರೇ ಸರಿಪಡಿಸಬೇಕಾದ ವಿಷಯ. ಈ ಸಲ ಜಾಗ್ರತೆಯಿಂದ, ಮೇಲ್ಗಡೆ ದಪ್ಪ ಅಕ್ಷರದಲ್ಲಿ 'ಗೋಪ್ಯ' ಎಂದು ಬರೆದೆ. "ಮಾನ್ಯರೇ, ನನ್ನ ಮೂಲವ್ಯಾಧಿಯ ವಿಷಯವು ನನ್ನ ಬೀಗರಿಗೆ ತಿಳಿದುಹೋಗಿದ್ದು, ನನ್ನ ಮಾನ ಹರಾಜಾಗಿದೆ. ಕೂಡಲೇ ಅದನ್ನು ಅಳಿಸಿಹಾಕಿ, ಬೇರೆ ಯಾರಿಗೂ ಕಾಣದಂತೆ ಮಾಡಬೇಕಾಗಿ ಕಳಕಳಿಯ ಪ್ರಾರ್ಥನೆ. ಇಂತಿ ತಮ್ಮ ವಿಶ್ವಾಸಿ, ಸಂಗನಬಸವ, ಬೀಜ ಮತ್ತು ಗೊಬ್ಬರದ ವ್ಯಾಪಾರಿ, ಸಿಂಧನೂರು." ಮೊಬೈಲ್ ನಂಬರನ್ನೂ ಹಾಕಿ ಬಾಣ ಒತ್ತಿದೆ. ಎದೆಯ ಮೇಲಿನ ಗೊಬ್ಬರದ ಚೀಲ ಇಳಿಸಿದಂತಾಯಿತು.

ಚಹಾ ತರಿಸಿ ಒಂದು ಗುಟುಕು ಕುಡಿದಿರಲಿಲ್ಲ, ಫೋನು ಟಿಂಗ್ ಎಂದಿತು. ಜನ್ಮದಲ್ಲಿ ಮೊದಲ ಸಲ ನನ್ನ ಕಣ್ಣಿಗೊಂದು ಉತ್ತರ ಬಿದ್ದಿತ್ತು. ಎಷ್ಟಾದರೂ ದೊಡ್ಡ ಡಾಕ್ಟರು, ಕಷ್ಟ ಎಂದರೆ ತಿಳಿಯುತ್ತದೆ ಎಂದುಕೊಂಡು ಕೈ ಮುಗಿದು ತೆರೆದೆ.

ಜಂಬಮ್ಮ ಅಜ್ಜಿ ಬರೆದಿದ್ದರು: "ಬೀಗರ, ಇದೂ ಕಾಣಾಕತ್ತೈತ್ರಿ."