ರೇವಣಸಿದ್ದನ ನೇರ ಪ್ರಶ್ನೆ

ಬೆಳಿಗ್ಗೆ ಹಾಲು ತರಲು ಹೊರಟ ರೇವಣಸಿದ್ದನ ಸ್ಕೂಟರು ಹಾಲಿನ ಬೂತಿಗೆ ಹೋಗದೆ ನೇರ ಪಾತಾಳಕ್ಕೆ ಹೋಯಿತು. ಕುವೆಂಪುನಗರದ ಅವನ ಮನೆಯ ಗೇಟಿನ ಮುಂದೆ ಒಳಚರಂಡಿಗೆಂದು ಅಗೆದು ಹಾಗೇ ಬಿಟ್ಟುಹೋಗಿದ್ದ ಗುಂಡಿ ಅಂಥದ್ದು. ಅದರೊಳಗೆ ಇಣುಕಿದರೆ ಚಾಮುಂಡಿಬೆಟ್ಟ ಮೆಟ್ಟಿಲುಗಳ ಸಮೇತ ತಲೆಕೆಳಗಾಗಿ ಕಾಣುತ್ತಿತ್ತು. ಈ ಗುಂಡಿಯ ವಿಷಯದಲ್ಲಿ ಊರಿನ ಮಿಕ್ಕವರೆಲ್ಲ ಉತ್ಪ್ರೇಕ್ಷೆ ಮಾಡುತ್ತಾರೆ. ಇದ್ದದ್ದನ್ನು ಇದ್ದಂತೆ ಹೇಳುವವನು ನಾನೊಬ್ಬನೇ.

ರಾತ್ರಿಯ ಮಳೆಗೆ ಗುಂಡಿ ತುಂಬಿತ್ತು. ರೇವಣಸಿದ್ದ ಹೇಗೋ ಈಜಿ ದಡ ಸೇರಿದ. ಸ್ಕೂಟರಿನದು ಎಡಗಡೆಯ ಕನ್ನಡಿಯೊಂದು ಮಾತ್ರ, ಮೇಷ್ಟ್ರು ಹಾಜರಿ ಕೂಗಿದಾಗ ಎತ್ತಿದ ಕೈಯ ಹಾಗೆ ಕೆಸರುನೀರಿನ ಮೇಲೆ ನಿಂತಿತ್ತು.

ಅವನು ಹಗ್ಗ ತರುವಷ್ಟರಲ್ಲಿ ಎದುರುಮನೆಯ ನಿವೃತ್ತ ಹೆಡ್ಮಾಸ್ಟರು ವೆಂಕಟಸುಬ್ಬಯ್ಯ ಅಡ್ಡ ಬಂದರು. "ಎತ್ತಬೇಡಿ ಕಣ್ರೀ. ಅದು ಸಾಕ್ಷಿ. ಎಮ್ಮೆಲ್ಲೆ ಬಂದು ಕಣ್ಣಾರೆ ನೋಡ್ಲಿ."

ಸಾಕ್ಷಿ ಬೇಕಾದದ್ದಕ್ಕೆ ಕಾರಣವಿತ್ತು. ನಜರ್‌ಬಾದಿನ ಕೇಬಲ್ ಚಾನೆಲ್ಲೊಂದರಲ್ಲಿ ರೇವಣಸಿದ್ದ ‘ಖಾರದ ಪುಡಿ’ ಎಂಬ ಕಾರ್ಯಕ್ರಮ ನಡೆಸುತ್ತಿದ್ದ. ರಾಜಕಾರಣಿಗಳನ್ನು ಎದುರಿಗೆ ಕೂರಿಸಿಕೊಂಡು ಲೇವಡಿ ಮಾಡುವುದು ಅವನ ಕಸುಬು. ಅಂದು ಮಧ್ಯಾಹ್ನದ ನೇರಪ್ರಸಾರಕ್ಕೆ ಶಾಸಕ ಚನ್ನಬಸವಯ್ಯ ಬರುವವರಿದ್ದರು. ಚುನಾವಣೆಗೆ ಮುಂಚೆಯೂ ಅವರು ಬಂದಿದ್ದರು. ಆಗ ರೇವಣಸಿದ್ದ ಅವರ ಕೈಯಲ್ಲಿ ದೋಸೆ ಹುಯ್ಯಿಸಿದ್ದ. ದೋಸೆ ಸೀದುಹೋಯಿತು, ಸಾಹೇಬರು ಸುಟ್ಟ ಬೆರಳನ್ನು ಮಗುವಿನಂತೆ ಬಾಯಲ್ಲಿಟ್ಟುಕೊಂಡರು. ಅದನ್ನು ನೋಡಿ ಇಡೀ ಮೈಸೂರಿನ ಹೆಂಗಸರು ‘ಅಯ್ಯೋ ಪಾಪ’ ಎಂದು ಬಿಟ್ಟ ನಿಟ್ಟುಸಿರಿಗೆ ಅರಮನೆಯ ಪಾರಿವಾಳಗಳೆಲ್ಲ ಶ್ರೀರಂಗಪಟ್ಟಣಕ್ಕೆ ಹೋಗಿ ಬಿದ್ದವು. ಸಾಹೇಬರು ಗೆದ್ದರು, ಬೀದಿಯಲ್ಲಿ ಗುದ್ದಲಿಪೂಜೆ ಮಾಡಿದರು, ಗುದ್ದಲಿಯ ಜೊತೆಗೇ ಕಣ್ಮರೆಯಾದರು.

ಹಾಗಾಗಿ ಆ ಗುಂಡಿಯನ್ನು ತೋಡಿದವನು ರೇವಣಸಿದ್ದನೇ ಎಂದು ಬೀದಿಯವರು ತೀರ್ಮಾನಿಸಿಬಿಟ್ಟಿದ್ದರು. ಹೆಂಡತಿ ಶಾಂತಾದೇವಿಯೂ, ಗುಂಡಿ ಮುಚ್ಚುವವರೆಗೆ ಈ ಮನೆಗೆ ಕಾಲಿಡುವುದಿಲ್ಲವೆಂದು ಅಶೋಕಪುರಂನ ಅಕ್ಕನ ಮನೆಗೆ ಹೋಗಿ ಕೂತಿದ್ದಳು. ಅವನು ತಾನೇ ಬೇಯಿಸಿದ ಅನ್ನ ತಿಂದು ತಿಂದು ಕಾಗೆಗಳಿಗೂ ಕನಿಕರ ಬರುವಂತಾಗಿದ್ದ.

"ನಗಿಸೋದು ನಿಮ್ಮ ಕೆಲ್ಸ, ಒಪ್ಪಿದೆ," ಎಂದರು ವೆಂಕಟಸುಬ್ಬಯ್ಯ. "ಉತ್ತರ ಕೊಡಬೇಕಾದೋರನ್ನ ನಗಿಸಿ ಮನೆಗೆ ಕಳ್ಸೋದೂ ನಿಮ್ಮ ಕೆಲ್ಸವಾ?"

ಗುಂಡಿಗೆ ಬಿದ್ದು ಕಾಲು ಉಳುಕಿಸಿಕೊಂಡಿದ್ದ ಪಕ್ಕದ ಮನೆಯ ಚೆಲುವಮ್ಮ ಕೋಲೂರಿಕೊಂಡು ಬಂದರು. "ಇವತ್ತೇನಾರಾ ಜೋಕು ಹೊಡುದ್ರೆ ಈ ಬೀದೀಗೆ ಬರ್ಬೇಡ ಕಣಪ್ಪ. ಯಾವತ್ತು ಮುಚ್ತೀರಾ ಅಂತ ಒಂದೇ ಮಾತು ಕೇಳ್ಬುಡು."

ರೇವಣಸಿದ್ದನಿಗೂ ಮಾತು ನಾಟಿತು. ಆ ದಿನ ನಗಿಸುವುದಿಲ್ಲ, ಕೇಳುತ್ತೇನೆ ಎಂದು ಆಣೆಯಿಟ್ಟ. ಅವನ ಆಣೆಯ ಮೇಲೆ ನಂಬಿಕೆಯಿಲ್ಲದೆ ಇಡೀ ಬೀದಿ ಒಂದು ಟೆಂಪೋ ಹತ್ತಿ, ಪ್ರೇಕ್ಷಕರಾಗಿ ಸ್ಟುಡಿಯೋದಲ್ಲಿ ಬಂದು ಕೂತಿತು. ತುಟಿ ಬಿಚ್ಚಬಾರದೆಂದು ಹೆಡ್ಮಾಸ್ಟರ ಅಪ್ಪಣೆಯಾಗಿತ್ತು.

ಆದರೆ ‘ಖಾರದ ಪುಡಿ’ಯ ನಗು ಯಾವತ್ತೂ ಜನರದ್ದಾಗಿರಲಿಲ್ಲ. ಒಳಗಿನ ಕೋಣೆಯಲ್ಲಿ ಅಭಿನವನೆಂಬುವನು ಕೂತು, ರೇವಣಸಿದ್ದ ಬಾಯಿ ಮುಚ್ಚಿದಾಗಲೆಲ್ಲ ರೆಕಾರ್ಡ್ ಮಾಡಿಟ್ಟ ನಗುವಿನ ಬಟನ್ ಒತ್ತುತ್ತಿದ್ದ. ಮಾತು ಏನೆಂದು ಅವನು ಕೇಳಿಸಿಕೊಂಡವನೇ ಅಲ್ಲ; ಅವನ ಕಣ್ಣು ಮೊಬೈಲಿನ ಕ್ರಿಕೆಟ್ ಮೇಲೆ, ಬೆರಳು ಬಟನ್ ಮೇಲೆ. ಅವನಿಗೆ ಈ ಆಣೆಯ ಸುದ್ದಿ ಹೇಳಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ.

ರೇವಣಸಿದ್ದ ನಮಸ್ಕಾರವನ್ನೂ ಬಿಟ್ಟು ನೇರ ವಿಷಯಕ್ಕೆ ಬಂದ. "ಸಾರ್, ನಮ್ಮ ಬೀದಿ ಗುಂಡಿ ಯಾವತ್ತು ಮುಚ್ತೀರಾ?"

ನೂರಾರು ಜನ ಹೊಟ್ಟೆ ಹಿಡಿದುಕೊಂಡು ನಕ್ಕಂತಾಯಿತು.

ಅವನು ಬೆವರೊರೆಸಿಕೊಂಡು, ಇದು ಜೋಕಲ್ಲ, ಒಬ್ಬ ತಾಯಿಯ ಕಾಲು ಉಳುಕಿದೆ ಎಂದ. ನಗು ಇಮ್ಮಡಿಯಾಯಿತು. ಸಿಟ್ಟಿಗೆದ್ದು ಮೇಜು ಗುದ್ದಿದ. ಸಿಟ್ಟೇ ಅವನ ಹೆಸರುವಾಸಿ ಹಾಸ್ಯವಾದ್ದರಿಂದ, ಗುದ್ದು ಕೇಳಿದ್ದೇ ಅಭಿನವ ನಗುವಿಗೆ ಸಿಳ್ಳೆಯನ್ನೂ ಸೇರಿಸಿದ. ಆ ಸದ್ದಿಗೆ ಮೃಗಾಲಯದ ಆನೆ ಘೀಳಿಟ್ಟಿತು ಎಂದು ನಾನು ಹೇಳಿದರೆ ನಂಬಬೇಕು.

ಚನ್ನಬಸವಯ್ಯನವರು ಪಳಗಿದ ಕೈ. ಮುಖವನ್ನು ಸಾವಿನ ಮನೆಗೆ ಬಂದವರಂತೆ ಇಳಿಬಿಟ್ಟರು. "ನೀವು ನಗಿ, ರೇವಣಸಿದ್ದಪ್ಪ. ನಂಗೆ ನಗು ಬರ್ತಿಲ್ಲ. ಬಡವ್ರ ಕಾಲು ನಗೋ ವಿಷ್ಯ ಅಲ್ಲ."

ಅಷ್ಟೆಂದು ಎದ್ದು ಬಂದು, ಚೆಲುವಮ್ಮನ ಮುಂದೆ ಕೂತು ಪಾದ ಮುಟ್ಟಿದರು. ಚೆಲುವಮ್ಮ ಗಳಗಳ ಅತ್ತರು. ಹೆಡ್ಮಾಸ್ಟರೇ ಮೊದಲು ಚಪ್ಪಾಳೆ ತಟ್ಟಿದವರು. ಸಾಹೇಬರು ಕ್ಯಾಮೆರಾ ಮುಂದೆಯೇ ಫೋನೆತ್ತಿ ಯಾರಿಗೋ ಗದರಿದರು. "ಪ್ರೋಗ್ರಾಂ ಮುಗಿಯೋದ್ರೊಳಗೆ ಆ ಗುಂಡಿ ಇರಬಾರ್ದು. ನೀರಿದೆ ಗೀರಿದೆ ಅಂತ ನೆಪ ಹೇಳ್ಬೇಡಿ."

ಆಮೇಲೆ ಸೆಲ್ಫಿಗಳ ನೂಕುನುಗ್ಗಲಿನಲ್ಲಿ ರೇವಣಸಿದ್ದನ ಕುರ್ಚಿಯೇ ಉರುಳಿಬಿತ್ತು. ಟೆಂಪೋದಲ್ಲಿ ಬೀದಿಯವರು, ಕಷ್ಟದಲ್ಲಿರುವವರನ್ನು ನೋಡಿ ನಗುವವನು ಎಂಥ ಮನುಷ್ಯ ಎಂದು ದಾರಿಯುದ್ದಕ್ಕೂ ಉಗಿದರು. ಆದರೂ ಅವನು ಒಳಗೊಳಗೇ ಹಿಗ್ಗಿದ. ಮರ್ಯಾದೆ ಹೋದರೂ ಉತ್ತರ ಸಿಕ್ಕಿತ್ತು. ಶಾಂತಾದೇವಿ ಬರುತ್ತಾಳೆ, ಸಾರು ಕುದಿಯುತ್ತದೆ.

ಸಂಜೆ ಬೀದಿಗೆ ಬಂದು ನೋಡಿದರೆ ಗುಂಡಿ ನಿಜಕ್ಕೂ ಮಾಯವಾಗಿತ್ತು. ಮಣ್ಣು, ಜಲ್ಲಿ, ಮೇಲೆ ಡಾಂಬರು. ರೋಡ್ ರೋಲರ್ ಆಗ ತಾನೇ ತಿರುವಿನಲ್ಲಿ ಮರೆಯಾಗುತ್ತಿತ್ತು. ರಸ್ತೆ ಇಸ್ತ್ರಿ ಮಾಡಿದ ಪಂಚೆಯ ಹಾಗೆ ಮಲಗಿತ್ತು. ಅವನ ಗೇಟಿನ ಕಂಬದ ಮೇಲೆ ಯಾರೋ ಪುಣ್ಯಾತ್ಮರು ಒಂದು ವಸ್ತುವನ್ನು ಒರೆಸಿ ಇಟ್ಟುಹೋಗಿದ್ದರು.

ಸ್ಕೂಟರಿನ ಎಡಗಡೆಯ ಕನ್ನಡಿ.

ರೇವಣಸಿದ್ದ ಹಾರೆ ಹಿಡಿದು ಓಡಿಬಂದ. ಹೆಡ್ಮಾಸ್ಟರು ಡಾಂಬರಿನ ಮೇಲೆ ಕಾಲು ಚಾಚಿ ಕೂತುಬಿಟ್ಟರು. "ಸಾರ್ವಜನಿಕ ರಸ್ತೆ ಕಣ್ರೀ. ಒಂದು ಚೂರು ಕಿತ್ರೂ ಪೊಲೀಸ್ಗೆ ಹೇಳ್ತೀನಿ." ಬೆಳಿಗ್ಗೆಯ ಸಾಕ್ಷಿಯ ಮಾತನ್ನು ಅವನು ನೆನಪಿಸಿದ್ದಕ್ಕೆ, ಕೇಸು ಮುಗಿದ ಮೇಲೆ ಸಾಕ್ಷಿ ಯಾಕೆ ಎಂದರು.

ಕೊನೆಗೆ ಅವನು ಶಾಸಕರಿಗೇ ಫೋನು ಮಾಡಿ, ದಯವಿಟ್ಟು ನಮ್ಮ ಬೀದಿಯಲ್ಲಿ ಒಂದು ಗುಂಡಿ ತೋಡಿಸಿಕೊಡಿ ಎಂದು ಬೇಡಿಕೊಂಡ. ಆ ಕಡೆಯಿಂದ ಯಾವ ಬಟನ್ನೂ ಒತ್ತದ ಅಸಲಿ ನಗು ಕೇಳಿತು. "ಇಂಥ ಜೋಕನ್ನ ಸ್ಟುಡಿಯೋದಲ್ಲೇ ಹೇಳ್ಬಾರ್ದಿತ್ತಾ, ರೇವಣಸಿದ್ದಪ್ಪ?" ಎಂದು ಸಾಹೇಬರು ಫೋನಿಟ್ಟರು.

ಇಟ್ಟದ್ದೇ ತಡ, ಶಾಂತಾದೇವಿಯ ಫೋನು ಬಂತು.

"ಟೀವಿ ನೋಡ್ದೆ. ಗುಂಡಿ ಮುಚ್ತಂತಲ್ಲ, ಬಟ್ಟೆ ತುಂಬ್ಕೊಂಡು ಕೂತಿದೀನಿ. ಬೇಗ ಸ್ಕೂಟರ್ ತಗೊಂಡು ಬನ್ನಿ."

ರೇವಣಸಿದ್ದ ಕೈಯಲ್ಲಿದ್ದ ಕನ್ನಡಿಯನ್ನೊಮ್ಮೆ ನೋಡಿದ.

"ಸ್ವಲ್ಪ ತಡ ಆಗುತ್ತೆ ಕಣೇ."

"ಯಾಕೆ? ಸ್ಕೂಟರ್ ಎಲ್ಲೋಯ್ತು?"

"ಎಲ್ಲೂ ಹೋಗಿಲ್ಲ," ಎಂದ ರೇವಣಸಿದ್ದ, ಕಾಲಡಿಯ ಹೊಸ ಡಾಂಬರನ್ನು ನೋಡುತ್ತ. "ಮನೆ ಮುಂದೇನೇ ಇದೆ."