ತೋಪಿಗೆ ಕಟ್ಟಿದ ಆಲ್ಬಂ

ಬೈರಕೂರಿನ ವೇಣುಗೋಪಾಲ ಹಲ್ಲುಜ್ಜುತ್ತಿದ್ದಾಗ ಬಂದ ಒಂದು ಫೋನು ಅವನನ್ನು ನೆಲದ ಮೇಲೆ ನಿಲ್ಲದ ಹಾಗೆ ಮಾಡಿಬಿಟ್ಟಿತು.

"ಸರ್, ಸಿಂಗಲ್ ಫೇಸ್ ಬ್ಯಾಂಡ್ ವೇಣುಗೋಪಾಲ್ ಅವರಾ? ನಾನು ಚೈತನ್ಯ ಅಂತ, ಬೆಂಗಳೂರಿಂದ. ಜನ ಮರೆತಿರೋ ಹಳೇ ಆಲ್ಬಂಗಳನ್ನ ಹುಡುಕಿ ಯೂಟ್ಯೂಬ್‌ಗೆ ಹಾಕ್ತೀನಿ. ನಿಮ್ಮ 'ಸಾವಿರದಿನ್ನೂರು ಅಡಿ'ಯ ಒಂದು ತುಣುಕು ಕೇಳಿ ನಿದ್ದೆ ಹಾರೋಗಿದೆ ಸರ್. ಮಧ್ಯಾಹ್ನ ಬರ್ತೀನಿ. ಒಂದು ಸಿಡಿ ತೆಗೆದಿಟ್ಟಿರಿ, ಹಾಕ್ಕೊಂಡೇ ಇಂಟರ್‌ವ್ಯೂ ಮಾಡೋಣ."

ವೇಣುಗೋಪಾಲ ಬಾಯಲ್ಲಿದ್ದ ಪೇಸ್ಟನ್ನು ನುಂಗಿಬಿಟ್ಟ.

ಕೋಲಾರದಲ್ಲಿ ಡಿಗ್ರಿ ಓದುವಾಗ ಮೂವರು ಗೆಳೆಯರನ್ನು ಕಟ್ಟಿಕೊಂಡು, ತೋಟದ ಪಂಪ್‌ಹೌಸಿನಲ್ಲಿ ಕೂತು ಮಾಡಿದ ರಾಕ್ ಆಲ್ಬಂ ಅದು. ಪ್ರೇಮವಿಲ್ಲ, ಬೆಳದಿಂಗಳಿಲ್ಲ, ಬರೀ ಬೋರ್‌ವೆಲ್ಲಿನ ಬಗ್ಗೆ ಗಂಟಲು ಹರಿಯುವ ಹಾಡುಗಳು. ಒಂದು ಮೂಟೆ ಸಿಡಿ ಮಾಡಿಸಿದರು; ಒಂದು ಮೂಟೆ ಉಳಿಯಿತು. ಗೆಳೆಯರು ಮದುವೆಯಾಗಿ ಸುಧಾರಿಸಿಕೊಂಡರು. ವೇಣುಗೋಪಾಲ ಮುಳಬಾಗಿಲಿನ ಡ್ರಿಪ್ ಪೈಪಿನ ಅಂಗಡಿ ಸೇರಿದ. ಆದರೂ ಎಂದಾದರೊಂದು ದಿನ ಯಾರೋ ಬಂದು, ಊರಿನವರ ಎದುರಿಗೇ "ನೀನು ಕಲಾವಿದನಯ್ಯಾ" ಎನ್ನಬೇಕೆಂಬ ಆಸೆ ಪಾಪ, ಅವನಿಗೆ ಇದ್ದೇ ಇತ್ತು.

ಅಟ್ಟ ಹತ್ತಿ ನೋಡಿದರೆ ಮೂಟೆಯೇ ಇಲ್ಲ.

"ಅಮ್ಮಾ, ನನ್ ಸಿಡಿಗಳೆಲ್ಲಿ?"

ತಾಯಿ ಅಕ್ಕಯಮ್ಮ ರಾಗಿ ಕೇರುವುದನ್ನು ನಿಲ್ಲಿಸಲೂ ಇಲ್ಲ. "ಆ ಹೊಳೆಯೋ ಬಿಲ್ಲೆಗಳಾ? ಗಿಣಿ ಕಾಟ ಅಂತ ಮಾವಿನ ತೋಪಿಗೆ ಕಟ್ಟಿಸ್ದೆ ಕಣೋ. ನಿನ್ ಹಾಡಿಂದ ಇದೇ ಮೊದಲು ಒಂದು ಉಪಕಾರ ಆಗಿದ್ದು."

ವೇಣುಗೋಪಾಲ ತೋಪಿಗೆ ಓಡಿದ. ಕೊಂಬೆ ಕೊಂಬೆಗೂ ಅವನ ಆಲ್ಬಂ ಗಿರಗಿರ ತಿರುಗುತ್ತಿತ್ತು. ಕೈಗೆಟುಕಿದ್ದೆಲ್ಲ ಬಿಸಿಲಿಗೆ ಬೆಂದು, ಹಪ್ಪಳದಂತೆ ಸುಲಿದುಹೋಗಿತ್ತು. ಎಲೆಯ ಮರೆಯಲ್ಲಿ ಒಂದಾದರೂ ನೆಟ್ಟಗಿರಬಹುದೆಂದು ಮರ ಹತ್ತಿದ. ಕೆಂಪಿರುವೆಗಳು ಅಂಗಿಯೊಳಗೆ ಹೊಕ್ಕು ಅವನ ಕೈಲಿ ಹಳೆಯ ಹಾಡುಗಳನ್ನೆಲ್ಲ ಮತ್ತೆ ಹಾಡಿಸಿದವು.

"ಯಾವನ್ಲಾ ಅವ್ನು ಮರದ ಮೇಲೆ?" ಕೆಳಗೆ ಆವಲಪ್ಪ, ಕೈಯಲ್ಲಿ ದೊಣ್ಣೆ. ಈ ಸಲದ ಫಸಲನ್ನು ಮರ ಹೂ ಬಿಟ್ಟಾಗಲೇ ಖರೀದಿ ಮಾಡಿದ್ದ ವ್ಯಾಪಾರಿ.

"ನಾನೇ ಆವಲಪ್ಪಣ್ಣ! ನಮ್ದೇ ತೋಪಲ್ವಾ!"

"ತೋಪು ನಿಂದು, ಕಾಯಿ ನಂದು. ಬಿಲ್ಲೆ ಬಿಚ್ಕೊಂಡೋದ್ರೆ ಗಿಣಿಗಳನ್ನ ನಿಮ್ಮಪ್ಪ ಓಡಿಸ್ತಾನಾ? ಇಳಿಯೋ ಕೆಳಗೆ!"

ತನ್ನ ತೋಪಿನಲ್ಲಿ ತನ್ನದೇ ಆಲ್ಬಂ ಕದ್ದ ಕಳ್ಳನಾಗಿ ವೇಣುಗೋಪಾಲ ಇಳಿದ. ಗದ್ದಲ ಕೇಳಿ ಪಕ್ಕದ ಮನೆಯ ದೊಡ್ಡಗಂಗಮ್ಮ ಬಂದಳು. ವಿಷಯ ತಿಳಿದು ಬಾಯಿ ಬಡಿದುಕೊಂಡಳು. "ಅಯ್ಯೋ ದೇವುಡಾ! ಅಕ್ಕಯಮ್ಮ ನಂಗೂ ಒಂದು ಕೊಟ್ಟಿದ್ಲಲ್ಲೋ. ಹಾಲಿನ ಪಾತ್ರೆಗೆ ಮುಚ್ತೀನಿ. ಆವಿ ಹೋಗಕ್ಕೆ ಮಧ್ಯದಾಗೆ ತೂತೂ ಐತೆ!"

ಹಾಲಿನ ಕೆನೆ ಒರೆಸಿದಾಗ ಸಿಡಿ ಕನ್ನಡಿಯಂತಿತ್ತು. ವೇಣುಗೋಪಾಲನಿಗೆ ಅಳುವೇ ಬಂತು. ಸಿಡಿ ಹಾಕುವ ಪ್ಲೇಯರು ಊರಿಗೆಲ್ಲ ಒಂದೇ, ಆವಲಪ್ಪನ ಹಳೆಯ ವ್ಯಾನಿನಲ್ಲಿ. ಕಾಯಿಯೊಂದನ್ನೂ ಮುಟ್ಟಿಲ್ಲವೆಂದು ದೇವರ ಮೇಲೆ ಆಣೆ ಹಾಕಿಸಿಕೊಂಡ ಮೇಲೆಯೇ ಅವನು ವ್ಯಾನನ್ನು ಮನೆ ಮುಂದೆ ತಂದು ನಿಲ್ಲಿಸಿದ.

ಚೈತನ್ಯ ಬರುವ ಹೊತ್ತಿಗೆ ಅರ್ಧ ಊರು ಸೇರಿತ್ತು. ವೇಣುಗೋಪಾಲ ಇರುವೆ ಕಚ್ಚಿ ಊದಿದ ಮುಖಕ್ಕೆ ಪೌಡರ್ ಬಳಿದು ಕುರ್ಚಿಯಲ್ಲಿ ಕೂತಿದ್ದ. ಸಿಡಿ ಸುತ್ತಿತು. ಗಿಟಾರು ಕಿರುಚಿತು, ಡ್ರಮ್ಮು ಗುದ್ದಿತು, ಎಳೆಯ ವೇಣುಗೋಪಾಲ ನೀರಿಗಾಗಿ ಅರಚಿದ. ದೊಡ್ಡಗಂಗಮ್ಮ ಕಿವಿ ಮುಚ್ಚಿಕೊಂಡಳು. ಚೈತನ್ಯ ಮಾತ್ರ ಕಣ್ಮುಚ್ಚಿ, "ಬಂತು ಸರ್, ಈಗ ಬಂತು!" ಎಂದು ನಡುಗಿದ.

ಮೂರನೇ ಹಾಡಿನ ನಡುವೆ ಎಲ್ಲ ವಾದ್ಯಗಳನ್ನೂ ಸೀಳಿಕೊಂಡು ಒಂದು ಹೆಣ್ಣುದನಿ ಎದ್ದಿತು. "ಲೇ ವೇಣೂ! ತ್ರೀ ಫೇಸ್ ಕರೆಂಟ್ ಬಂದೈತೆ! ನಿನ್ ಗುಂಯ್‌ಗುಟ್ಟೋದು ನಿಲ್ಸಿ ಮೋಟ್ರು ಹಾಕೋ, ಟೊಮೇಟೊ ಒಣಗ್ತೈತೆ!"

"ಇದೇ ಸರ್!" ಚೈತನ್ಯನ ಕಣ್ಣು ತುಂಬಿತ್ತು. "ಇಡೀ ರಾಕ್‌ನಲ್ಲಿ ಇಂಥ ಪ್ರಾಮಾಣಿಕ ಸಿಟ್ಟು ನಾನು ಕೇಳಿಲ್ಲ. ಯಾರು ಸರ್ ಈ ಗಾಯಕಿ?"

"ನಾನೇ ಕಣಪ್ಪಾ," ಎಂದಳು ಅಕ್ಕಯಮ್ಮ, ಮೊರ ಕೆಳಗಿಟ್ಟು.

ಚೈತನ್ಯ ಅವಳ ಕಾಲಿಗೆ ಬಿದ್ದ. ಊರು ಚಪ್ಪಾಳೆ ತಟ್ಟಿತು. ಆವಲಪ್ಪ ಕುರ್ಚಿಯಿಂದ ವೇಣುಗೋಪಾಲನನ್ನು ಎಬ್ಬಿಸಿ ಅಕ್ಕಯಮ್ಮನನ್ನು ಕೂರಿಸಿದ.

"ಸರ್," ಚೈತನ್ಯ ಮೆಲ್ಲಗೆ ಕೇಳಿದ, "ಹಿಂದೆ ಗಿಟಾರು, ಹಾಡು ಎಲ್ಲ ಗಲಾಟೆ ಮಾಡ್ತಿದೆಯಲ್ಲ, ಅದನ್ನ ತೆಗೆದು ಬರೀ ಅಮ್ಮನ ದನಿ ಇರೋ ಕಾಪಿ ಸಿಗುತ್ತಾ?"

ವೇಣುಗೋಪಾಲ ಬಾಯಿ ತೆರೆಯುವಷ್ಟರಲ್ಲಿ ಅಕ್ಕಯಮ್ಮ ಗುಡುಗಿದಳು. "ಲೇ ವೇಣೂ! ಮರದ ಹಂಗೆ ನಿಂತ್ಕೊಂಡು ಏನೋ ನೋಡ್ತೀಯಾ? ಬಂದೋರಿಗೆ ಕಾಫಿ ತಗೊಂಬಾರೋ!"

"ಅದ್ಭುತ!" ಚೈತನ್ಯ ಗಾಬರಿಯಿಂದ ಮೈಕು ತಡಕಾಡಿದ. "ಅಮ್ಮಾ, ರೆಕಾರ್ಡ್ ಆಗ್ಲಿಲ್ಲ, ಇನ್ನೊಂದ್ಸಲ! ಸರ್, ದಯವಿಟ್ಟು ಬಂದು ಅಲ್ಲೇ ನಿಂತ್ಕೊಳ್ತೀರಾ?"

ಹೊಸ್ತಿಲು ದಾಟಿದ್ದ ವೇಣುಗೋಪಾಲ ತಿರುಗಿ ಬಂದು, ಮತ್ತೊಮ್ಮೆ ಬೈಸಿಕೊಳ್ಳಲು ಅದೇ ಜಾಗದಲ್ಲಿ ನೆಟ್ಟಗೆ ನಿಂತ.