ಕಪ್ ಗೆದ್ದ ಅಜ್ಜಂದಿರು

ಫಿಡೆಲ್ಮಾ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಮಳೆ ಬರುವುದರೊಳಗೆ ಗಂಡನ ಅಂಗಿಗಳಾದರೂ ಆರಲಿ ಎಂಬ ಆಸೆ. ಅಷ್ಟರಲ್ಲಿ ಪಕ್ಕದ ಮನೆಯ ಕನ್ಸೆಪ್ಟಾ ಬೇಲಿಯ ಮೇಲಿಂದ ಕಟ್ಟು ಹಾಕಿದ ಹಳೇ ಫೋಟೋ ಒಂದನ್ನು ಚಾಚಿದಳು.

"ಅಟ್ಟದಲ್ಲಿ ಸಿಕ್ತು ಕಣೇ! ಕಿಲ್‌ಬ್ರಾಕನ್ ಕಳ್ಳರನ್ನ ಸೋಲಿಸಿ ಕಪ್ ತಂದ್ರಲ್ಲ, ಆ ನಮ್ಮ ಕೋಲು-ಚೆಂಡಿನ ಹರ್ಲಿಂಗ್ ತಂಡ. ಸಂಜೆ ಪ್ರದರ್ಶನಕ್ಕೆ ಇದನ್ನೇ ಹಾಕು. ನಡುವೆ ಕೂತಿರೋನು ನಮ್ಮಜ್ಜ. ಕಿವಿ ನೋಡು, ಚಹಾ ಕುಡಿಕೆಗೆ ಹಿಡಿ ಇಟ್ಟ ಹಾಗೆ!"

ಬ್ಯಾಲಿನಾಶೀ ಊರಿನ ನೆನಪುಗಳ ಪ್ರದರ್ಶನದ ಹೊಣೆ ಫಿಡೆಲ್ಮಾಳ ತಲೆಗೆ ಬಂದಿತ್ತು. ಬೇರೆ ಯಾರೂ ಒಪ್ಪಿರಲಿಲ್ಲ, ಅದು ಬೇರೆ ಮಾತು. ಅವಳ ತವರು ಗುಡ್ಡದಾಚೆಯ ಕಿಲ್‌ಬ್ರಾಕನ್. ಮಗಳು ಆರ್ಲಾ ಎರಡನೇ ತರಗತಿಗೆ ಬಂದಿದ್ದರೂ ಊರಿನ ಬಾಯಲ್ಲಿ ತಾಯಿ ಇನ್ನೂ "ಆ ಕಿಲ್‌ಬ್ರಾಕನ್‌ನವಳು". ಇದೊಂದು ಕೆಲಸ ನೆಟ್ಟಗೆ ಮಾಡಿದರೆ ಈ ಊರಿನವಳು ಅನ್ನಿಸಿಕೊಂಡೇನು ಎಂದು ಅವಳು ಒಳಗೊಳಗೇ ಹಂಬಲಿಸುತ್ತಿದ್ದಳು.

ಫೋಟೋದಲ್ಲಿದ್ದವರ ಹೆಸರು ಬೇಕಿತ್ತು. ಒದ್ದೆ ಬಟ್ಟೆಯನ್ನು ಬುಟ್ಟಿಯಲ್ಲೇ ಬಿಟ್ಟು, ಮಗಳನ್ನು ಎಳೆದುಕೊಂಡು ಹೊರಟಳು.

ಮಾಂಸದಂಗಡಿಯ ಮಲಾಕಿ ಫೋಟೋ ನೋಡಿ ನಕ್ಕ. "ಕನ್ಸೆಪ್ಟಾಳ ಅಜ್ಜನಾ? ಆ ಮನುಷ್ಯ ಕೋಲು ಹಿಡಿದಿದ್ದೇ ಕುರಿ ಓಡ್ಸೋಕೆ! ಇದು ನಮ್ಮ ತಾತ ಕಣಮ್ಮಾ. ಆ ಮೂಗು ನೋಡು, ಈ ಮೂಗು ನೋಡು."

ಎರಡು ಮೂಗಿಗೂ ಉಸಿರಾಡುವುದನ್ನು ಬಿಟ್ಟರೆ ಬೇರೇನೂ ಸಂಬಂಧವಿರಲಿಲ್ಲ. ಆದರೆ ಮಲಾಕಿಯ ಕೈಯಲ್ಲಿ ಕತ್ತಿ ಇತ್ತು. ಫಿಡೆಲ್ಮಾ ಹೆಸರು ಬರೆದುಕೊಂಡಳು.

ಮುದುಕಿಯರಾದ ಟಿಯರ್ನಿ ಅಕ್ಕತಂಗಿಯರ ಮನೆಯಲ್ಲಿ ಚಹಾ ಬೇಡ ಎಂದಳು. ಎರಡನೇ ಸಲವೂ ಬೇಡ ಎಂದಳು. ಮೂರನೆಯದಕ್ಕೆ ಒಪ್ಪಿಕೊಳ್ಳುವುದು ಪದ್ಧತಿ. ಅವಸರದಲ್ಲಿ ಆಗಲೂ ಬೇಡ ಅಂದುಬಿಟ್ಟಳು.

"ಕಿಲ್‌ಬ್ರಾಕನ್‌ನಲ್ಲಿ ಹೀಗೇ ಏನೋಪ್ಪ," ಎಂದಳು ಅಕ್ಕ ಗೋಡೆಗೆ.

ಫಿಡೆಲ್ಮಾ ತೆಪ್ಪಗೆ ಕೂತು ಎರಡು ಲೋಟ ಕುಡಿದಳು. ಅಕ್ಕತಂಗಿಯರಿಗೆ ಅಪ್ಪ ಒಬ್ಬನೇ. ಆದರೂ ಅಕ್ಕ ಎಡತುದಿಯವನನ್ನು ಮುಟ್ಟಿ "ಅಪ್ಪಾ" ಎಂದು ಅತ್ತಳು, ತಂಗಿ ಬಲತುದಿಯವನನ್ನು ಮುಟ್ಟಿ ಅತ್ತಳು. ಆಮೇಲೆ ಇಬ್ಬರೂ ಜಗಳಕ್ಕೆ ನಿಂತರು.

ಮಧ್ಯಾಹ್ನದ ಹೊತ್ತಿಗೆ ಫೋಟೋದಲ್ಲಿ ಇದ್ದವರು ಹದಿನೈದು ಜನ, ಚೀಟಿಯಲ್ಲಿ ಅದರ ಎರಡರಷ್ಟು. ಫಿಡೆಲ್ಮಾಳ ತಲೆ ಗಾಣದ ಹಾಗೆ ತಿರುಗುತ್ತಿತ್ತು. ಮುದ್ರಣದ ಅಂಗಡಿಯವನು ಮರದ ಕಟ್ಟು ಬಿಚ್ಚಿ, ಅದರಡಿ ಮುಚ್ಚಿದ್ದ ಅಂಚೂ ಸೇರಿಸಿ ಫೋಟೋವನ್ನು ಗೋಡೆಯಷ್ಟು ದೊಡ್ಡದು ಮಾಡಿದ. ಆರ್ಲಾ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಅಮ್ಮಾ, ಒಂದು ಕೇಳ್ಲಾ?"

"ಈಗ ಬೇಡ ಚಿನ್ನಾ, ಅಮ್ಮನಿಗೆ ಹುಚ್ಚು ಹಿಡೀತಿದೆ."

ಕೊನೆಗೆ ಫಿಡೆಲ್ಮಾಳಿಗೆ ಒಂದು ಉಪಾಯ ಹೊಳೆಯಿತು. ಯಾರು ಯಾರು ಎಂದು ಹೇಳುವ ಗೋಜೇ ಬೇಡ. "ನಮ್ಮೂರ ವೀರರು" ಎಂದು ಮೇಲೆ ಬರೆದು, ಎಲ್ಲ ಹೆಸರನ್ನೂ ಪಕ್ಕದಲ್ಲಿ ಸಾಲಾಗಿ ಅಂಟಿಸಿದಳು.

"ಅಮ್ಮಾ..."

"ಆಮೇಲೆ ಪುಟ್ಟಾ!"

ಸಂಜೆ ಚರ್ಚಿನ ಸಭಾಂಗಣ ತುಂಬಿತ್ತು. ಫಾದರ್ ಕಾನ್ಲನ್ ಪರದೆ ಎಳೆದರು. ಮೂಗು ಒರೆಸುವ ಸದ್ದು ಶುರುವಾಯಿತು. ಎಲ್ಲರ ಕಣ್ಣೂ ಮುಖಗಳ ಮೇಲೆ, ಎಲ್ಲರಿಗೂ ಅವರವರ ಅಜ್ಜ ಸಿಕ್ಕಿದ್ದ. ಟಿಯರ್ನಿ ಅಕ್ಕತಂಗಿಯರಿಗೆ ಇಬ್ಬಿಬ್ಬರು ಅಪ್ಪಂದಿರು.

"ಎಂಥಾ ಗಂಡಸರು! ಕಿಲ್‌ಬ್ರಾಕನ್‌ನಲ್ಲಿ ಇಂಥ ಒಂದು ಮುಖ ಹುಟ್ಟಿದ್ದುಂಟಾ?" ಎಂದ ಮಲಾಕಿ.

ಕನ್ಸೆಪ್ಟಾ ಎಲ್ಲರೆದುರು ಫಿಡೆಲ್ಮಾಳನ್ನು ಬಾಚಿ ತಬ್ಬಿಕೊಂಡಳು. "ಇವತ್ತಿಂದ ನೀನು ನಮ್ಮೂರ ಮಗಳು ಕಣೇ. ಇನ್ನು ಯಾರಾದ್ರೂ ನಿನ್ನ ತವರಿನ ಮಾತು ಎತ್ತಲಿ, ನಾನಿದೀನಿ!"

ಚಪ್ಪಾಳೆ ಬಿತ್ತು. ಬೆಳಿಗ್ಗೆಯಿಂದ ಮಗುವನ್ನು ಸುಮ್ಮನಿರಿಸಿದ್ದು ನೆನಪಾಗಿ, ಫಿಡೆಲ್ಮಾ ಬಗ್ಗಿ ಅವಳ ಕೂದಲು ಸವರಿದಳು. ಅಷ್ಟರಲ್ಲಿ ಫಾದರ್ ಪ್ರಾರ್ಥನೆಗೆ ಕೈಯೆತ್ತಿದ್ದರು. ಸಭೆಗೆ ಸಭೆಯೇ ನಿಶ್ಶಬ್ದ.

"ಏನೋ ಕೇಳ್ಬೇಕು ಅಂತಿದ್ಯಲ್ಲ ಬಂಗಾರಾ, ಕೇಳು," ಎಂದು ಪಿಸುಗುಟ್ಟಿದಳು.

ಆರ್ಲಾಳಿಗೆ ಪಿಸುಗುಟ್ಟುವುದು ಬರುತ್ತಿರಲಿಲ್ಲ. ಫೋಟೋದ ಕೆಳತುದಿಯಲ್ಲಿ, ನಡುವೆ ಕೂತವನ ಕಾಲ ಬಳಿ ಇದ್ದ ಪುಟ್ಟ ಹಲಗೆಯ ಮೇಲೆ ಬೆರಳಿಟ್ಟು, ಶಾಲೆಯಲ್ಲಿ ಓದುವ ಹಾಗೆ ಗಟ್ಟಿಯಾಗಿ ಕೇಳಿದಳು:

"ಅಮ್ಮಾ, ಇಲ್ಲಿ 'ಕಿಲ್‌ಬ್ರಾಕನ್ ತಂಡ' ಅಂತ ಬರೆದಿದೆಯಲ್ಲ, ಹಾಗಾದ್ರೆ ಇವರೆಲ್ಲರ ಅಜ್ಜಂದಿರೂ ನಿನ್ನ ತವರಿನವರಾ?"